ಗೋ ಭಾಷೆಗೆ ಇನ್ನೂ ಫೀಚರ್ ಬೇಕಾ, ಇಷ್ಟೇ ಸಾಕಾ?

ಬಿಟಿಎಂ_ಗೋಫರ್

ನಮ್ಮ ಟೀಮಿನ ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್) ಪೂರ್ತಿ ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಹೊಸದಾಗಿ ಸೇರಿದ ಹುಡುಗ ಮೊದಲು ಸ್ಕಾಲಾ ಅನ್ನುವ ಇನ್ನೊಂದು ಭಾಷೆಯಲ್ಲಿ ಬರೆಯುತ್ತಿದ್ದವನು. ಚುರುಕಾಗಿದ್ದಾನೆ, ಕೆಲಸಕ್ಕೆ ಹಿಂದೆ ಬೀಳುವವನಲ್ಲ. ಬಂದವನೇ ಒಂದು ದೊಡ್ಡ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಹಾಕಿದ. ಪಟ್ಟಿಗಳ ಮೇಲೆ ಕೆಲಸ ಮಾಡುವ ಮ್ಯಾಪ್, ಫಿಲ್ಟರ್, ರೆಡ್ಯೂಸ್, ಜೊತೆಗೆ ಬೆಲೆ ಅಥವಾ ಎರರ್ ಹಿಡಿದಿಡುವ ರಿಸಲ್ಟ್ ಅನ್ನುವ ಟೈಪು, ಎಲ್ಲವೂ ಜೆನೆರಿಕ್ಸ್‌ನಲ್ಲಿ, ಅಂದರೆ ಯಾವ ಟೈಪಿಗೂ ಹೊಂದುವ ಹಾಗೆ. ಮೂರು ಫಾರ್ ಲೂಪ್ ಇದ್ದ ಕಡೆ ಈಗ ಒಂದೇ ಸಾಲು. ಅರ್ಧ ಟೀಮ್ ಭಲೇ ಅಂದಿತು. ಉಳಿದರ್ಧ "ಇದು ಗೋ ಥರಾನೇ ಕಾಣ್ತಿಲ್ಲ" ಅಂದಿತು. ನಾನು ಆ ಉಳಿದರ್ಧದಲ್ಲಿದ್ದೇನೆ.

ಗೋ ಹೊರಗೆ ಬಂದಿದ್ದು 2009ರಲ್ಲಿ. ಕೀವರ್ಡ್ (ಭಾಷೆ ತನಗೇ ಮೀಸಲಿಟ್ಟ ಪದ) 25 ಮಾತ್ರ. ನಾನು ಈ ಭಾಷೆ ಹಿಡಿದಿದ್ದೇ ಆ ಕಾರಣಕ್ಕೆ. ಯಾರ ಕೋಡ್ ತೆರೆದರೂ ಮೇಲಿನಿಂದ ಕೆಳಗೆ ಸಲೀಸಾಗಿ ಓದಬಹುದು. ಈಚೆಗೆ ಒಂದೊಂದೇ ಸೇರುತ್ತಿದೆ. 2022ರಲ್ಲಿ ಆವೃತ್ತಿ 1.18ರ ಜೊತೆ ಜೆನೆರಿಕ್ಸ್. 2023ರಲ್ಲಿ 1.21ರ ಜೊತೆ ಮಿನ್, ಮ್ಯಾಕ್ಸ್. 2024ರಲ್ಲಿ 1.23ರ ಜೊತೆ ಫಂಕ್ಷನ್ ಮೇಲೆಯೇ ರೇಂಜ್ ಲೂಪ್ ಓಡಿಸುವ ಸೌಲಭ್ಯ. ಯಾವುದನ್ನೂ ಬಿಡಿಯಾಗಿ ನೋಡಿದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಎಲ್ಲಾ ಒಟ್ಟಿಗೆ ನೋಡಿದಾಗ ಮಾತ್ರ ಗಾಬರಿ ಆಗುತ್ತದೆ.

ಒಂದು ಭಾಷೆ "ಇನ್ನು ಸಾಕು" ಅನ್ನಬೇಕಾದದ್ದು ಯಾವಾಗ? ಅನ್ನಲೇಬೇಕಾ? ಬೇರೆ ಬೇರೆ ಭಾಷೆಗಳಲ್ಲಿ ಪಳಗಿದವರು ಇಲ್ಲಿ ಜಾಸ್ತಿ ಇದ್ದೀರಿ, ಹೇಳಿ.

ನಲ್_ಪಾಯಿಂಟರ್

ಶುರುವಾಯ್ತು. ಕಾಫಿ ತಂದುಕೊಂಡು ಕೂರುತ್ತೇನೆ.

ರಸ್ಟ್_ರಂಗ

ಗೋಫರ್ ಅವರೇ, ಸರಳ ಅಂದರೆ ಯಾರಿಗೆ ಸರಳ? ಕಂಪೈಲರ್ ಬರೆಯುವವರಿಗೆ ಸರಳ ಅಂತಾದರೆ ಒಪ್ಪುತ್ತೇನೆ.

ಗೋ ಭಾಷೆಯ ಮೊದಲ ವರ್ಷಗಳು ನೆನಪಿದೆಯಾ? ಒಂದು ಪಟ್ಟಿ ಸಾರ್ಟ್ ಮಾಡಬೇಕು ಅಂದರೆ ಲೆನ್, ಲೆಸ್, ಸ್ವಾಪ್ ಅಂತ ಮೂರು ಮೆಥಡ್ ಬರೆಯಬೇಕಿತ್ತು. ಟೈಪ್ ಬೇರೆಯಾದರೆ ಮತ್ತೆ ಅದೇ ಮೂರು. 2017ರಲ್ಲಿ ಸಾರ್ಟ್ ಸ್ಲೈಸ್ ಬಂದ ಮೇಲೆ ಸ್ವಲ್ಪ ಉಸಿರಾಡಿದೆವು. ಯಾವ ಟೈಪಿಗೂ ಆಗುವ ಕ್ಯೂ ಬೇಕು ಅಂದರೆ ಖಾಲಿ ಇಂಟರ್‌ಫೇಸ್ (ಯಾವ ಟೈಪನ್ನೂ ಹಿಡಿಯುವಂಥದ್ದು) ಹಾಕಿ, ತೆಗೆಯುವಾಗ ಟೈಪ್ ಅಸರ್ಟ್ ಮಾಡಿ, ತಪ್ಪಿದರೆ ರಾತ್ರಿ ಪ್ರೊಡಕ್ಷನ್‌ನಲ್ಲಿ ಪ್ಯಾನಿಕ್, ಅಂದರೆ ಪ್ರೋಗ್ರಾಮ್ ಕುಸಿತ. ಗೋದಲ್ಲೇ ಬರೆದ ದೊಡ್ಡ ಸಾಫ್ಟ್‌ವೇರ್ ಕುಬರ್ನೆಟಿಸ್‌ನ ಕೋಡ್ ನೋಡಿ. ಡೀಪ್ ಕಾಪಿ (ಒಳಗಿನದ್ದೂ ಸೇರಿ ಪೂರ್ತಿ ನಕಲು) ಮಾಡುವ ಫಂಕ್ಷನ್‌ಗಳನ್ನು ಬರೆಯುವುದಕ್ಕೇ ಬೇರೆ ಪ್ರೋಗ್ರಾಮ್ ಇದೆ. ಭಾಷೆಯಲ್ಲಿ ಜಾಗ ಸಿಗದ ಫೀಚರ್ ಮೇಕ್‌ಫೈಲ್‌ನಲ್ಲಿ (ಕೋಡ್ ಕಟ್ಟುವ ಸೂಚನೆಗಳ ಫೈಲ್) ಬಂದು ಕೂತಿತು. ಅದನ್ನು ಸರಳತೆ ಅಂತ ಕರೆದುಕೊಂಡು ಹತ್ತು ವರ್ಷ ಕಳೆದರು.

ಹುಬ್ಬಳ್ಳಿ_ಹ್ಯಾಶ್‌ಮ್ಯಾಪ್

ರಂಗಣ್ಣ, ಒಂದು ತಿದ್ದುಪಡಿ. ಕುಬರ್ನೆಟಿಸ್‌ನ ಡೀಪ್ ಕಾಪಿ ಈಗಲೂ ಜನರೇಟರ್‌ನಿಂದಲೇ ಬರುತ್ತದೆ. ಜೆನೆರಿಕ್ಸ್ ಬಂದರೂ ಹೋಗಲಿಲ್ಲ. ಒಂದು ಸ್ಟ್ರಕ್ಟ್‌ನ ಒಳಗಿನ ಫೀಲ್ಡ್‌ಗಳನ್ನು ಒಂದೊಂದಾಗಿ ಮುಟ್ಟಿ ನಕಲು ಮಾಡುವ ಕೆಲಸ ಅದು. ಅದಕ್ಕೆ ಟೈಪ್ ಪ್ಯಾರಾಮೀಟರ್ (ಜೆನೆರಿಕ್ಸ್‌ನಲ್ಲಿ ಟೈಪ್ ತುಂಬುವ ಜಾಗ) ಇದ್ದರೆ ಸಾಲದು, ರಸ್ಟ್ ಭಾಷೆಯ ಡಿರೈವ್ ಥರದ್ದು, ಕಂಪೈಲರೇ ಕೋಡ್ ಬರೆದುಕೊಡುವಂಥದ್ದು ಬೇಕು. ಹಾಗಾಗಿ ನಿಮ್ಮ ಉದಾಹರಣೆಯಿಂದ ತಿಳಿಯುವುದು ಬೇರೆಯೇ: ಒಂದು ಫೀಚರ್ ಕೊಟ್ಟ ತಕ್ಷಣ ಅದರ ಪಕ್ಕದ್ದೂ ಬೇಕಾಗುತ್ತದೆ.

ರಸ್ಟ್_ರಂಗ

ಪಕ್ಕದ್ದನ್ನೂ ಕೊಟ್ಟರೆ ಆಯಿತು. 😄

ಸಿಪ್ಲಸ್_ಅಜ್ಜ

"ಪಕ್ಕದ್ದನ್ನೂ ಕೊಟ್ಟರೆ ಆಯಿತು" ಅಂತ ಹೇಳಿಕೊಂಡೇ ನಾವು ಇಲ್ಲಿಗೆ ಬಂದು ನಿಂತಿದ್ದೇವೆ ತಮ್ಮಾ.

ಸಿ++ನಲ್ಲಿ ಒಂದು ಇಂಟ್‌ಗೆ ಬೆಲೆ ಕೊಡುವುದಕ್ಕೆ ಈಕ್ವಲ್ ಚಿಹ್ನೆ ಹಾಕಬಹುದು, ದುಂಡು ಬ್ರಾಕೆಟ್ ಹಾಕಬಹುದು. ಇದು ಗೊಂದಲ ಅಂತ 2011ರಲ್ಲಿ ಕರ್ಲಿ ಬ್ರಾಕೆಟ್ ತಂದರು, ಎಲ್ಲಾ ಕಡೆ ಇದೊಂದೇ ಸಾಕು ಅಂದರು. ಹಳೆಯದನ್ನು ತೆಗೆಯುವ ಹಾಗಿಲ್ಲ. ಈಗ ಮೂರೂ ಇವೆ. ಸಾಲದ್ದಕ್ಕೆ, ಇಂಟ್ ವೆಕ್ಟರ್‌ಗೆ ದುಂಡು ಬ್ರಾಕೆಟ್‌ನಲ್ಲಿ 10, 1 ಅಂತ ಕೊಟ್ಟರೆ ಹತ್ತು ಒಂದುಗಳು ಸಿಗುತ್ತವೆ. ಕರ್ಲಿ ಬ್ರಾಕೆಟ್‌ನಲ್ಲಿ ಅದೇ ಕೊಟ್ಟರೆ ಎರಡೇ ಅಂಶ, ಒಂದು ಹತ್ತು ಮತ್ತೊಂದು ಒಂದು. ಈ ಒಂದು ಬಗ್ ಹಿಂದೆ ಎಷ್ಟು ಜನರ ಸಂಜೆಗಳು ಹೋಗಿವೆಯೋ.

ಸಿ++20 ಸ್ಟ್ಯಾಂಡರ್ಡ್ 1800 ಪುಟ ದಾಟಿದೆ. ಭಾಷೆ ಹುಟ್ಟಿಸಿದ ಸ್ಟ್ರೌಸ್ಟ್ರುಪ್ ಅವರೇ 2018ರಲ್ಲಿ ಸಮಿತಿಗೆ ಒಂದು ಟಿಪ್ಪಣಿ ಬರೆದು, ಸ್ವೀಡನ್‌ನ ವಾಸಾ ಹಡಗನ್ನು ನೆನಪಿಸಿದರು. ತೋಪು ಜಾಸ್ತಿ ಏರಿಸಿ, ಹೊರಟ ದಿನವೇ ಮುಳುಗಿದ ಹಡಗು ಅದು. ಒಂದೊಂದು ಪ್ರಸ್ತಾಪವೂ ಚೆನ್ನಾಗಿದೆ, ಒಟ್ಟು ಸೇರಿದರೆ ಮುಳುಗುತ್ತೇವೆ ಅನ್ನುವುದು ಅವರ ಮಾತಿನ ತಿರುಳು. ಗೋಫರ್ ಅವರ ಗಾಬರಿಯೂ ಅದೇ.

ಬಿಟಿಎಂ_ಗೋಫರ್

ಹೌದು ಸರ್, ಅದೇ. ಗೋ ಕಟ್ಟಿದವರಲ್ಲೊಬ್ಬರಾದ ರಾಬ್ ಪೈಕ್ ಕೂಡ ಸಿ++ಗೆ ಹೊಸ ಫೀಚರ್‌ಗಳ ರಾಶಿ ಬರುತ್ತಿದೆ ಅನ್ನುವ ಭಾಷಣ ಕೇಳಿದ ಮೇಲೇ ಗೋ ಯೋಚನೆಗೆ ಬಿದ್ದೆವು ಅಂತ 2012ರಲ್ಲಿ ಬರೆದಿದ್ದಾರೆ.

ಸಿಪ್ಲಸ್_ಅಜ್ಜ

ಬರೆದಿದ್ದಾರೆ. ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇದೆ. ಸಿ++ನವರು ಗೋ ಕಡೆ ಬರುತ್ತಾರೆ ಅಂದುಕೊಂಡಿದ್ದರಂತೆ, ಬಂದವರು ಪೈಥಾನ್, ರೂಬಿಯವರು. ನಾವು ಬರಲಿಲ್ಲ. ಯಾಕೆ ಗೊತ್ತಾ? ಬೈದುಕೊಂಡೇ ಆದರೂ ಟೆಂಪ್ಲೇಟ್ (ನಮ್ಮ ಜೆನೆರಿಕ್ಸ್) ಬಿಟ್ಟು ಬದುಕಲು ನಮಗೆ ಆಗುವುದಿಲ್ಲ.

ಮ್ಯೂನಿಕ್_ಕನ್ನಡಿಗ

ವಿಷಯಾಂತರ, ಕ್ಷಮಿಸಿ. ಸ್ಟಾಕ್‌ಹೋಮ್‌ನಲ್ಲಿ ಆ ಹಡಗನ್ನು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ನೋಡಿದ್ದೇನೆ. 1628ರ ಆಗಸ್ಟ್‌ನಲ್ಲಿ ಮುಳುಗಿತು, 1961ರಲ್ಲಿ ಮೇಲೆತ್ತಿದರು. ತೋಪು ಜಾಸ್ತಿಯಾಯಿತು ಅನ್ನುವುದು ಅರ್ಧ ಕಥೆ ಅಷ್ಟೇ. ತೋಪಿಗೆ ಎರಡು ಅಂತಸ್ತು ಇಟ್ಟು ಮೇಲ್ಭಾಗ ಭಾರವಾಗಿತ್ತು, ಕೆಳಗೆ ಅದಕ್ಕೆ ತಕ್ಕ ಅಗಲ ಇರಲಿಲ್ಲ. ಹೊರಡುವ ಮುಂಚೆ ಮೂವತ್ತು ಜನರನ್ನು ಡೆಕ್ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷೆ ಮಾಡಿದರು. ಹಡಗು ಓಲಾಡಿದ್ದು ನೋಡಿ ಪರೀಕ್ಷೆಯನ್ನೇ ನಿಲ್ಲಿಸಿದರು! ರಾಜನಿಗೆ ಅವಸರ ಇತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಟೆಸ್ಟ್ ಫೇಲ್ ಆದರೂ ರಿಲೀಸ್ ಮಾಡುವುದು ಹೊಸ ಪದ್ಧತಿ ಏನಲ್ಲ.

ನಲ್_ಪಾಯಿಂಟರ್

ಆ ಮೂವತ್ತು ಜನರೇ ಮೊದಲ ಕ್ಯೂಎ (ಟೆಸ್ಟಿಂಗ್) ಟೀಮ್.

ಪೈಥಾನ್_ಟೀಚರಮ್ಮ

ನಾನು ಕಾಲೇಜಿನಲ್ಲಿ ಪೈಥಾನ್ ಪಾಠ ಮಾಡುವವಳು. ಕಲಿಯುವವರ ಕಡೆಯಿಂದ ಒಂದು ಮಾತು.

ಪೈಥಾನ್‌ನ ಹೆಸರುವಾಸಿ ಸೂತ್ರ ಗೊತ್ತಲ್ಲ, ಒಂದು ಕೆಲಸಕ್ಕೆ ಎದ್ದು ಕಾಣುವ ಒಂದೇ ದಾರಿ ಇರಬೇಕು ಅಂತ. ಸ್ಟ್ರಿಂಗ್ ಒಳಗೆ ಹೆಸರು ಸೇರಿಸುವುದನ್ನೇ ನೋಡಿ. ಪರ್ಸೆಂಟ್ ಚಿಹ್ನೆ ಇದೆ. ಸ್ಟ್ರಿಂಗ್ ಟೆಂಪ್ಲೇಟ್ ಇದೆ. ಫಾರ್ಮ್ಯಾಟ್ ಮೆಥಡ್ ಇದೆ. 3.6ರಿಂದ ಎಫ್-ಸ್ಟ್ರಿಂಗ್. ಈಗ 3.14ರಲ್ಲಿ ಟಿ-ಸ್ಟ್ರಿಂಗ್ ಬೇರೆ. ನಾನು ಕ್ಲಾಸಿನಲ್ಲಿ ಎಫ್-ಸ್ಟ್ರಿಂಗ್ ಮಾತ್ರ ಹೇಳಿಕೊಡುತ್ತೇನೆ. ಆದರೆ ಹುಡುಗರು ಇಂಟರ್‌ನೆಟ್‌ನಿಂದ ಕಾಪಿ ಮಾಡಿಕೊಂಡು ಬರುವ ಕೋಡ್‌ನಲ್ಲಿ ಎಲ್ಲವೂ ಇರುತ್ತದೆ. "ಮೇಡಂ, ಇದ್ಯಾಕೆ ಹೀಗಿದೆ?" ಅಂದರೆ ಮೂವತ್ತು ವರ್ಷದ ಇತಿಹಾಸ ಹೇಳಬೇಕು.

"ಬೇಡದಿದ್ದರೆ ಬಳಸಬೇಡಿ" ಅಂತ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಬರೆಯುವಾಗ ಆ ಮಾತು ನಡೆಯುತ್ತದೆ. ಓದುವಾಗ ನಡೆಯುವುದಿಲ್ಲ. ಇನ್ನೊಬ್ಬರು ಬಳಸಿದ್ದನ್ನು ನಾನು ಓದಲೇಬೇಕಲ್ಲ.

ಹುಬ್ಬಳ್ಳಿ_ಹ್ಯಾಶ್‌ಮ್ಯಾಪ್

ಮೇಡಂ, ಕೊನೆಯ ಮಾತಿಗೆ ನೂರು ಲೈಕ್. ಟಿ-ಸ್ಟ್ರಿಂಗ್ ಬಗ್ಗೆ ಮಾತ್ರ ಸಣ್ಣ ತಕರಾರು. ಅದು ಸ್ಟ್ರಿಂಗ್ ಕೊಡುವುದಿಲ್ಲ, ಟೆಂಪ್ಲೇಟ್ ಆಬ್ಜೆಕ್ಟ್ ಕೊಡುತ್ತದೆ. ಎಸ್‌ಕ್ಯೂಎಲ್, ಎಚ್‌ಟಿಎಂಎಲ್ ಲೈಬ್ರರಿಗಳು ಒಳಗಿನ ಬೆಲೆಗಳನ್ನು ಬೇರೆಯಾಗಿ ನೋಡಿ ಎಸ್ಕೇಪ್ ಮಾಡಲಿ (ಅಪಾಯವಿಲ್ಲದ ರೂಪಕ್ಕೆ ತರಲಿ) ಅಂತ. ಎಫ್-ಸ್ಟ್ರಿಂಗ್ ಹಾಕಿ ಎಸ್‌ಕ್ಯೂಎಲ್ ಬರೆದು ಇಂಜೆಕ್ಷನ್ ದಾಳಿಗೆ ಬಾಗಿಲು ತೆರೆದವರು ಕಡಿಮೆಯೇ?

ಪೈಥಾನ್_ಟೀಚರಮ್ಮ

ಉಪಯೋಗ ಇಲ್ಲ ಅಂತ ನಾನು ಹೇಳಲಿಲ್ಲವಲ್ಲ. ಉಪಯೋಗ ಇಲ್ಲದ ಫೀಚರ್ ಅನ್ನು ಯಾರೂ ಸೇರಿಸುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಸುಮ್ನೆ_ಓದುವವ

ವಾಲ್ರಸ್ ಅನ್ನುವ ಚಿಹ್ನೆಯ ಜಗಳದಲ್ಲಿ ಪೈಥಾನ್ ಹುಟ್ಟಿಸಿದ ಗೈಡೋ ಅದನ್ನು ಬಿಟ್ಟೇ ಹೋದರಲ್ವಾ? ಒಂದು := ಚಿಹ್ನೆಗೆ ಅಷ್ಟು ರಂಪ ಆಯಿತಾ?

ಪೈಥಾನ್_ಟೀಚರಮ್ಮ

ಭಾಷೆ ಬಿಟ್ಟು ಹೋಗಲಿಲ್ಲ, ಕೊನೆಯ ಮಾತು ತಮ್ಮದೇ ಅನ್ನುವ ಸ್ಥಾನ ಬಿಟ್ಟರು. ಪ್ರಸ್ತಾಪ 572 ಅನ್ನು ಒಪ್ಪಿಕೊಂಡ ಬೆನ್ನಲ್ಲೇ, 2018ರ ಜುಲೈನಲ್ಲಿ. ಚಿಹ್ನೆ 2019ರಲ್ಲಿ 3.8ರ ಜೊತೆ ಬಂತು. ಆಮೇಲೆ ಐದು ಜನರ ಸಮಿತಿ ನಡೆಸುತ್ತಿದೆ. ಆ ಸಮಿತಿಯ ಕಾಲದಲ್ಲೇ ಮ್ಯಾಚ್ ಸ್ಟೇಟ್‌ಮೆಂಟ್ ಕೂಡ ಬಂತು, 3.10ರಲ್ಲಿ. ಒಬ್ಬರ ಕೈಯಲ್ಲಿದ್ದರೆ ಬೇಡ ಅನ್ನುವುದು ಸುಲಭ ಅಂತ ನನ್ನ ಊಹೆ. ಆದರೆ ವಾಲ್ರಸ್ ಬೇಕು ಅಂದವರೇ ಆ ಒಬ್ಬರು, ಹಾಗಾಗಿ ಊಹೆ ಪೂರ್ತಿ ನಿಲ್ಲುವುದಿಲ್ಲ.

ಬ್ರಾಕೆಟ್_ಭಟ್ಟ

ಯಾರೂ ಸ್ಕೀಮ್ ಭಾಷೆ ಬಗ್ಗೆ ಮಾತಾಡುತ್ತಿಲ್ಲ ಯಾಕೆ ಮಾರಾಯ್ರೆ? 1998ರ ಸ್ಕೀಮ್ ವರದಿ ಇಡೀ ಭಾಷೆಯನ್ನು 50 ಪುಟದಲ್ಲಿ ಮುಗಿಸುತ್ತದೆ. ಅದರ ಮೊದಲ ವಾಕ್ಯದ ಸಾರ ಹೀಗೆ: ಫೀಚರ್ ಮೇಲೆ ಫೀಚರ್ ಪೇರಿಸಿ ಭಾಷೆ ಕಟ್ಟಬೇಡಿ, ಹೊಸ ಫೀಚರ್ ಬೇಕು ಅನ್ನಿಸುವ ಹಾಗೆ ಮಾಡುವ ಅಡೆತಡೆಗಳನ್ನು ತೆಗೆಯಿರಿ. ಇಷ್ಟು ಚರ್ಚೆಗೆ ಅಲ್ಲೇ ಉತ್ತರ ಇದೆ.

ಸ್ಕೀಮ್ ಹುಟ್ಟಿಸಿದವರಲ್ಲೊಬ್ಬರಾದ ಗೈ ಸ್ಟೀಲ್ ಅವರ 1998ರ ಭಾಷಣವನ್ನೂ ನೋಡಿ, ಭಾಷೆ ಬೆಳೆಸುವುದರ ಬಗ್ಗೆ ಮಾಡಿದ್ದು. ಒಂದೇ ಸಿಲೆಬಲ್ ಇರುವ ಪದಗಳಿಂದ ಶುರು ಮಾಡುತ್ತಾರೆ. ಅದಕ್ಕಿಂತ ಉದ್ದದ ಪದ ಬೇಕಾದರೆ ಮೊದಲು ಅದರ ಅರ್ಥ ಹೇಳಿ ಆಮೇಲೆ ಬಳಸುತ್ತಾರೆ. ಭಾಷಣ ಕೇಳುತ್ತಾ ಕೇಳುತ್ತಾ ಭಾಷೆ ಬೆಳೆಯುವುದು ಕಣ್ಣಿಗೆ ಕಾಣುತ್ತದೆ. ಅವರು ಹೇಳುವುದು, ಭಾಷೆ ಚಿಕ್ಕದಾಗಿ ಹುಟ್ಟಲಿ, ಆದರೆ ಬಳಸುವವರೇ ಅದನ್ನು ಬೆಳೆಸುವ ಹಾಗಿರಲಿ. ಸೇರಿಸಿದ್ದು ಮೊದಲಿಂದ ಇದ್ದದ್ದರ ಹಾಗೇ ಕಾಣಬೇಕು. ಗೋ ತಪ್ಪಿದ್ದು ಅಲ್ಲೇ. ಭಾಷೆಯವರ ಮ್ಯಾಪ್ (ಡಿಕ್ಷನರಿ) ಟೈಪಿಗೆ, ಚಾನೆಲ್‌ಗೆ ಮೊದಲಿಂದ ಟೈಪ್ ಪ್ಯಾರಾಮೀಟರ್ ಇತ್ತು. ನಾವು ಬರೆದ ಟೈಪಿಗೆ 2022ರವರೆಗೆ ಇರಲಿಲ್ಲ. ತಮಗೊಂದು ನ್ಯಾಯ, ನಮಗೊಂದು ನ್ಯಾಯ.

ಸಿಪ್ಲಸ್_ಅಜ್ಜ

ಭಟ್ಟರೇ, ಆ 50 ಪುಟದಲ್ಲಿ ಮಾಡ್ಯೂಲ್ ವ್ಯವಸ್ಥೆ ಇರಲಿಲ್ಲ. ಒಂದೊಂದು ಸ್ಕೀಮ್‌ಗೆ ಒಂದೊಂದು ಮಾಡ್ಯೂಲ್ ಪದ್ಧತಿ, ಒಂದರ ಕೋಡ್ ಇನ್ನೊಂದರಲ್ಲಿ ಓಡುವುದಿಲ್ಲ. 2007ರಲ್ಲಿ ಎಲ್ಲಾ ಸೇರಿಸಿ ದೊಡ್ಡ ವರದಿ ಮಾಡಲು ಹೋದಾಗ ಸಮುದಾಯವೇ ಎರಡಾಯಿತು. ಮತ್ತೆ 2013ರಲ್ಲಿ ಚಿಕ್ಕದೊಂದು ಬಂತು. 50 ಪುಟ ಓದಲು ಚೆಂದ. ಕೆಲಸಕ್ಕೆ ಕೂತಾಗ ಉಳಿದ ಪುಟಗಳನ್ನು ನಾವೇ ಬರೆದುಕೊಳ್ಳಬೇಕು.

ಬ್ರಾಕೆಟ್_ಭಟ್ಟ

ನೀವೇ ಬರೆದುಕೊಳ್ಳುವ ಸ್ವಾತಂತ್ರ್ಯ ಇದೆಯಲ್ಲ, ಅದೇ ವಿಷಯ.

ಸಿಪ್ಲಸ್_ಅಜ್ಜ

ನಾನು ಬರೆದದ್ದನ್ನು ನಾನು ಬಿಟ್ಟುಹೋದ ಮೇಲೆ ಯಾರು ಓದುತ್ತಾರೆ? ಒಂದು ಕಂಪನಿಯಲ್ಲಿ, ಹೆಸರು ಬೇಡ, ಹಿಂದಿನವರು ಮ್ಯಾಕ್ರೋ ಹಾಕಿ ತಮ್ಮದೇ ಭಾಷೆ ಕಟ್ಟಿದ್ದರು. ಸಿ ಮೇಲೆ. ಅದು ಗೊತ್ತಿದ್ದ ಇಬ್ಬರೂ ಕೆಲಸ ಬಿಟ್ಟಿದ್ದರು. ಆ ಫೈಲ್‌ಗಳನ್ನು ಮುಟ್ಟಲು ಎಲ್ಲರಿಗೂ ಭಯ.

ವಿಕಿ_ವಾಸು

ಚಿಕ್ಕ ಭಾಷೆ ಅಂದರೆ ನನಗೆ ನೆನಪಾಗುವುದು ಲೂವಾ. ಬ್ರೆಜಿಲ್‌ನ ರಿಯೋದಲ್ಲಿ 1993ರಲ್ಲಿ ಹುಟ್ಟಿದ್ದು. ಅರೇ, ಡಿಕ್ಷನರಿ, ಆಬ್ಜೆಕ್ಟ್, ಮಾಡ್ಯೂಲ್ ಎಲ್ಲಕ್ಕೂ ಟೇಬಲ್ ಒಂದೇ. ವಿಕಿಪೀಡಿಯದ ಟೆಂಪ್ಲೇಟ್‌ಗಳ ಹಿಂದೆ ಓಡುವ ಮಾಡ್ಯೂಲ್‌ಗಳು ಲೂವಾದಲ್ಲೇ ಇವೆ, ಕನ್ನಡ ವಿಕಿಪೀಡಿಯದಲ್ಲೂ.

ಭಾಷೆ ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ, ಸುಳ್ಳಲ್ಲ. ಆದರೆ ಕಂಟಿನ್ಯೂ ಇಲ್ಲ! ಲೂಪ್ ಮಧ್ಯೆ ಮುಂದಿನ ಸುತ್ತಿಗೆ ಹೋಗಬೇಕಾದರೆ ಗೋಟು (ಹೇಳಿದ ಜಾಗಕ್ಕೆ ಜಿಗಿಯುವ ಆದೇಶ) ಹಾಕಬೇಕು. ಆ ಗೋಟು ಬಂದಿದ್ದೇ 5.2ರಲ್ಲಿ, 2011ರಲ್ಲಿ. ವಿಕಿಯಲ್ಲಿ ಇರುವುದು 5.1, ಅಲ್ಲಿ ಅದೂ ಇಲ್ಲ. ಹಾಗಾಗಿ ಇಫ್ ಒಳಗೆ ಇಫ್ ಒಳಗೆ ಇಫ್. ಸರಳತೆಯ ಹೆಸರಲ್ಲಿ ಪರದೆಯ ಬಲತುದಿಯವರೆಗೆ ಹೋಗಿದ್ದೇನೆ.

ಸುಮ್ನೆ_ಓದುವವ

ಗೋಟು ಇದೆ, ಕಂಟಿನ್ಯೂ ಇಲ್ಲ. ಇದು ಯಾವ ನ್ಯಾಯ?

ವಿಕಿ_ವಾಸು

ಗೋಟು ಒಂದಿದ್ದರೆ ಕಂಟಿನ್ಯೂ, ಒಳ ಲೂಪಿನಿಂದ ಹೊರಗೆ ಜಿಗಿಯುವುದು, ಎಲ್ಲಾ ಅದರಲ್ಲೇ ಮಾಡಿಕೊಳ್ಳಬಹುದು. ಒಂದು ಉಪಕರಣ ಕೊಟ್ಟು ಮೂರು ಕೆಲಸ ಮಾಡಿಸುತ್ತಾರೆ. ಡಿಸೈನ್ ಮಾಡುವವರ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಬಳಸುವವನ ಲೆಕ್ಕ ಬೇರೆ.

ರಸ್ಟ್_ರಂಗ

ಗೋಫರ್ ಅವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ, ಅವರ ಭಾಷೆಯದ್ದೇ.

ಗೋದಲ್ಲಿ ಫಾರ್ ಲೂಪಿನ ವೇರಿಯಬಲ್ ಇಡೀ ಲೂಪಿಗೆ ಒಂದೇ ಇತ್ತು. ಸುತ್ತು ಬದಲಾದಾಗ ಅದೇ ಡಬ್ಬಿಯಲ್ಲಿ ಹೊಸ ಬೆಲೆ. ನಿಯಮ ಸರಳ, ಕಂಪೈಲರ್‌ಗೂ ಸುಲಭ. ಆದರೆ ಆ ವೇರಿಯಬಲ್‌ನ ವಿಳಾಸ ತೆಗೆದುಕೊಂಡರೆ, ಅಥವಾ ಗೋರುಟೀನ್ (ಜೊತೆಜೊತೆಗೆ ಓಡುವ ಕೆಲಸ) ಒಳಗೆ ಹಿಡಿದುಕೊಂಡರೆ, ಎಲ್ಲವೂ ಕೊನೆಯ ಬೆಲೆಯನ್ನೇ ತೋರಿಸುತ್ತಿದ್ದವು. ಗೋ ಬರೆದ ಪ್ರತಿಯೊಬ್ಬರೂ ಒಮ್ಮೆಯಾದರೂ ಇದರಲ್ಲಿ ಬಿದ್ದಿದ್ದಾರೆ. 2020ರಲ್ಲಿ, ವೆಬ್‌ಸೈಟ್‌ಗಳಿಗೆ ಭದ್ರತಾ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರೂ ಬಿದ್ದರು. ಒಂದು ಸರ್ಟಿಫಿಕೇಟ್‌ನಲ್ಲಿ ಹಲವು ಡೊಮೇನ್ ಇದ್ದಾಗ ಒಂದೊಂದನ್ನೂ ಮರುಪರೀಕ್ಷೆ ಮಾಡುವ ಬದಲು, ಒಂದೇ ಡೊಮೇನನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಿತ್ತು. ಸುಮಾರು 30 ಲಕ್ಷ ಸರ್ಟಿಫಿಕೇಟ್ ರದ್ದು ಮಾಡಬೇಕಾದ ಪರಿಸ್ಥಿತಿ ಬಂತು.

2024ರಲ್ಲಿ 1.22 ಬಂದಾಗ ಸುತ್ತಿಗೊಂದು ಹೊಸ ವೇರಿಯಬಲ್ ಅಂತ ನಿಯಮ ಬದಲಿಸಿದರು. ಈಗಿನ ನಿಯಮ ಬರೆದಿಡಲು ಹಳೆಯದಕ್ಕಿಂತ ಉದ್ದ. ಬಳಸುವವರಿಗೆ ಯಾವುದು ಸರಳ, ಹೇಳಿ?

ಬಿಟಿಎಂ_ಗೋಫರ್

ಹೊಸದೇ ಸರಳ, ಅದರಲ್ಲಿ ವಾದ ಇಲ್ಲ. ಆದರೆ ರಂಗ, ಅಲ್ಲಿ ಹೊಸ ಫೀಚರ್ ಏನೂ ಬರಲಿಲ್ಲ. ಇದ್ದದ್ದನ್ನು ನೆಟ್ಟಗೆ ಮಾಡಿದರು, ಕೀವರ್ಡ್ ಅಷ್ಟೇ ಇದೆ. ಅಂಥದ್ದು ಎಷ್ಟು ಬೇಕಾದರೂ ಬರಲಿ. ಬದಲಾವಣೆಯನ್ನು ತಂದ ರೀತಿಯೂ ಚೆನ್ನಾಗಿತ್ತು. ಮಾಡ್ಯೂಲ್ ಫೈಲಿನಲ್ಲಿ 1.22 ಅಥವಾ ಅದರ ಮೇಲಿನ ಆವೃತ್ತಿ ಬರೆದವರಿಗೆ ಮಾತ್ರ ಹೊಸ ನಿಯಮ. ಹಳೆಯ ಕೋಡ್ ಹಳೆಯ ಹಾಗೇ ಓಡುತ್ತದೆ.

ರಸ್ಟ್_ರಂಗ

ಅದು ನಮ್ಮ ರಸ್ಟ್‌ನ ಎಡಿಷನ್ ಥರದ್ದೇ. 2015, 2018, 2021, 2024. ನಕಲು ಮಾಡಿದರೂ ಸಂತೋಷ.

ಹಾಗಾದರೆ ಎರರ್ ವಿಷಯ ಏನು? ನಾಲ್ಕು ಸಾಲಿಗೆ ಒಮ್ಮೆ "ಎರರ್ ನಿಲ್ ಅಲ್ಲದಿದ್ದರೆ ವಾಪಸ್ ಕೊಡು" ಅಂತ ಬರೆಯುತ್ತೀರಲ್ಲ. ನಮ್ಮಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಕೆಲಸ ಮುಗಿಯಿತು.

ಬಿಟಿಎಂ_ಗೋಫರ್

ನನಗೆ ಆ ಸಾಲುಗಳು ಇಷ್ಟ, ನಗಬೇಡಿ. ಕೋಡ್ ಎಲ್ಲೆಲ್ಲಿ ಹೊರಗೆ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಅಲ್ಲೇ ಒಂದು ಲಾಗ್ ಸೇರಿಸಬಹುದು, ಡೀಬಗರ್ ನಿಲ್ಲಿಸಬಹುದು. ನಿಮ್ಮ ಪ್ರಶ್ನಾರ್ಥಕ ಚಿಹ್ನೆ ಸಾಲಿನ ಕೊನೆಯಲ್ಲಿ ಅಡಗಿ ಕೂರುತ್ತದೆ, ರಿವ್ಯೂನಲ್ಲಿ ಕಣ್ಣು ತಪ್ಪುತ್ತದೆ.

ಗೋ ತಂಡ ಪ್ರಯತ್ನ ಮಾಡಲಿಲ್ಲ ಅಂತಲ್ಲ. 2018ರಲ್ಲಿ ಚೆಕ್ ಮತ್ತು ಹ್ಯಾಂಡಲ್ ಅಂತ ಕರಡು ತಂದರು. 2019ರಲ್ಲಿ ಟ್ರೈ ಅಂತ ಇನ್ನೊಂದು, ಜನ ಮುಗಿಬಿದ್ದು ಬೈದರು, ವಾಪಸ್ ತೆಗೆದುಕೊಂಡರು. ಆಮೇಲೆ ಪ್ರಶ್ನಾರ್ಥಕ ಚಿಹ್ನೆಯ ಪ್ರಸ್ತಾಪವೂ ಬಂತು. ಕೊನೆಗೆ 2025ರ ಜೂನ್‌ನಲ್ಲಿ, ಎರರ್ ಹಿಡಿಯುವುದಕ್ಕೆ ಹೊಸ ಸಿಂಟ್ಯಾಕ್ಸ್ ತರುವ ಪ್ರಯತ್ನ ಸದ್ಯಕ್ಕೆ ನಿಲ್ಲಿಸಿದ್ದೇವೆ ಅಂತ ತಂಡವೇ ಬರೆದುಕೊಂಡಿತು. ಬಹಳ ಜನರಿಗೆ ಬೇಕು, ಆದರೆ ಇಂಥದ್ದೇ ಬೇಕು ಅಂತ ಒಮ್ಮತ ಇಲ್ಲ. ಹಾಗಿದ್ದಾಗ ಸುಮ್ಮನಿರುವುದು ನನ್ನ ಪ್ರಕಾರ ಒಳ್ಳೆಯ ಡಿಸೈನ್.

ನಲ್_ಪಾಯಿಂಟರ್

ಒಮ್ಮತ ಇಲ್ಲ ಅಂತ ಏಳು ವರ್ಷ ಚರ್ಚೆ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಎಷ್ಟೋ ಮೇಲು.

ಜಾವಾ_ಜಯಣ್ಣ

ಹಳೆಯದನ್ನು ಮುರಿಯದೆ ಹೊಸದು ಸೇರಿಸುವುದು ಹೇಗಿರುತ್ತದೆ ಅಂತ ಜಾವಾದವರನ್ನು ಕೇಳಿ. 2004ರಲ್ಲಿ ಜೆನೆರಿಕ್ಸ್ ತಂದರು. ಹಳೆಯ ಕೋಡ್ ಓಡಬೇಕಾದ್ದರಿಂದ ಕಂಪೈಲ್ ಆದಮೇಲೆ ಟೈಪ್ ಮಾಹಿತಿ ಅಳಿಸಿಹೋಗುತ್ತದೆ. ಅದಕ್ಕೇ ಇಂದಿಗೂ ಇಂಟ್‌ಗಳ ಲಿಸ್ಟ್ ಮಾಡಲು ಆಗುವುದಿಲ್ಲ, ಇಂಟೀಜರ್‌ಗಳ ಲಿಸ್ಟ್ ಮಾಡಬೇಕು. ಇನ್ನು ಮೊದಲ ದಿನ ಕಲಿಯುವವರು "ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್" ಅಂತ ಅರ್ಥವಾಗದೆ ಬಾಯಿಪಾಠ ಮಾಡುತ್ತಿದ್ದರಲ್ಲ, ಅದನ್ನು ಬಿಟ್ಟು ಬರೀ ವಾಯ್ಡ್ ಮೇನ್ ಬರೆಯುವ ಅವಕಾಶ 2025ರಲ್ಲಿ ಜಾವಾ 25ರ ಜೊತೆ ಪಕ್ಕಾ ಆಯಿತು. ಭಾಷೆ ಹುಟ್ಟಿ 30 ವರ್ಷಕ್ಕೆ! ಸರಳ ಮಾಡಲು ಕೂಡ ಒಂದು ಫೀಚರ್ ಸೇರಿಸಬೇಕಾಯಿತು ನೋಡಿ.

ಪೈಥಾನ್_ಟೀಚರಮ್ಮ

ತೆಗೆದುಹಾಕಿದ ಭಾಷೆ ಯಾವುದೂ ಇಲ್ಲವೇ? ಸೇರಿಸಿದ್ದೇ ಎಲ್ಲರೂ ಹೇಳುತ್ತಿದ್ದೀರಿ.

ಮ್ಯೂನಿಕ್_ಕನ್ನಡಿಗ

ಇವೆ ಮೇಡಂ. ಸ್ವಿಫ್ಟ್ 2016ರಲ್ಲಿ ++ ಮತ್ತು -- ತೆಗೆದುಹಾಕಿತು, ಸಿ ಥರದ ಫಾರ್ ಲೂಪನ್ನೂ ತೆಗೆಯಿತು. ರಸ್ಟ್ 1.0 ಬರುವ ಮುಂಚೆ ಅದರಲ್ಲಿ ಗ್ರೀನ್ ಥ್ರೆಡ್ (ಭಾಷೆಯೇ ನಡೆಸುವ ಥ್ರೆಡ್) ಇತ್ತು, ಅದನ್ನೂ ಕಿತ್ತರು. ಎರಡೂ ಭಾಷೆ ಚಿಕ್ಕ ವಯಸ್ಸಿನಲ್ಲಿ ಮಾಡಿದ ಕೆಲಸ. ವಯಸ್ಸಾದ ಮೇಲೆ ಮಾಡಲು ಹೋದವರಿಗೆ ಏನಾಯಿತು ಅಂತ ನಿಮ್ಮ ಪೈಥಾನ್‌ಗೇ ಗೊತ್ತು. 3 ಬಂದಿದ್ದು 2008ರಲ್ಲಿ, 2ಕ್ಕೆ ಬೆಂಬಲ ನಿಂತಿದ್ದು 2020ರ ಜನವರಿಯಲ್ಲಿ.

ವಿಕಿ_ವಾಸು

ಪೈಥಾನ್ 3 ಅಷ್ಟು ನೋವು ಕೊಟ್ಟಿದ್ದು ಮುಖ್ಯವಾಗಿ ಸ್ಟ್ರಿಂಗ್‌ಗಾಗಿ. ಕನ್ನಡದವರಾದ ನಮಗೆ ಅದರ ಬಗ್ಗೆ ದೂರು ಇರಬಾರದು.

ಸುಮ್ನೆ ಒಂದು ಪ್ರಯೋಗ ಮಾಡಿ ನೋಡಿ. "ಕನ್ನಡ" ಅನ್ನುವ ಪದದ ಉದ್ದ ಕೇಳಿ. ಗೋದಲ್ಲಿ ಲೆನ್ ಕೊಡುವ ಉತ್ತರ 15, ಅಂದರೆ ಬೈಟ್ ಲೆಕ್ಕ. ಪೈಥಾನ್ 3ರಲ್ಲಿ 5, ಅದು ಕೋಡ್ ಪಾಯಿಂಟ್ (ಯೂನಿಕೋಡ್ ಸಂಕೇತ) ಲೆಕ್ಕ, ನ ಕೆಳಗಿನ ಒತ್ತಿನಲ್ಲಿ ಹಲಂತ ಚಿಹ್ನೆ (್) ಬೇರೆ, ನ ಬೇರೆ. ಸ್ವಿಫ್ಟ್‌ನಲ್ಲಿ 4. ಒಂದನೇ ಕ್ಲಾಸಿನ ಮಗುವನ್ನು ಕೇಳಿದರೆ ಮೂರು ಅಕ್ಷರ ಅನ್ನುತ್ತದೆ.

ಹುಬ್ಬಳ್ಳಿ_ಹ್ಯಾಶ್‌ಮ್ಯಾಪ್

ಸ್ವಿಫ್ಟ್ 4 ಅನ್ನುವುದು ಯಾಕೆ? ಅದು ಅಕ್ಷರ ನೋಡಿ ಎಣಿಸುತ್ತದೆ ಅಂತ ಹೇಳುತ್ತಾರಲ್ಲ.

ವಿಕಿ_ವಾಸು

ಯೂನಿಕೋಡ್‌ನ ಗ್ರಾಫೀಮ್ (ಕಣ್ಣಿಗೆ ಒಂದಾಗಿ ಕಾಣುವ ಗುಂಪು) ನಿಯಮದ ಪ್ರಕಾರ ಎಣಿಸುತ್ತದೆ. ಆ ನಿಯಮದಲ್ಲಿ ನ್ ಒಂದು ಗುಂಪು, ಮುಂದಿನ ನ ಇನ್ನೊಂದು. ದೇವನಾಗರಿ, ತೆಲುಗು, ಮಲಯಾಳಂ ಸೇರಿ ಕೆಲವು ಲಿಪಿಗಳಿಗೆ ಒತ್ತಕ್ಷರವನ್ನು ಒಂದೇ ಗುಂಪು ಮಾಡುವ ನಿಯಮ 2023ರಲ್ಲಿ ಯೂನಿಕೋಡ್ 15.1ರ ಜೊತೆ ಬಂತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ಬಿಟಿಎಂ_ಗೋಫರ್

ಇಲ್ಲಿ ನಾನು ಗೋ ಪರ. 15 ಅನ್ನುವುದು ಅನುಮಾನವೇ ಇಲ್ಲದ ಉತ್ತರ. ಇಷ್ಟು ಬೈಟ್ ಇದೆ, ಮುಗಿಯಿತು. ರೇಂಜ್ ಹಾಕಿದರೆ ಕೋಡ್ ಪಾಯಿಂಟ್ ಸಿಗುತ್ತದೆ. ಅಕ್ಷರ ಬೇಕಾದವರು ಲೈಬ್ರರಿ ತರಲಿ. ಭಾಷೆಯ ಒಳಗೇ ಯೂನಿಕೋಡ್ ಪಟ್ಟಿ ತುಂಬಿದರೆ ಆವೃತ್ತಿ ಬದಲಾದಾಗ ಅದೇ ಪದದ ಉದ್ದವೂ ಬದಲಾಗುತ್ತದೆ.

ವಿಕಿ_ವಾಸು

ಲೈಬ್ರರಿ ತರಲಿ ಅನ್ನುವುದು ಇಂಗ್ಲಿಷ್‌ನವರಿಗೆ ಬೇಕಾಗಿಲ್ಲ, ಅವರಿಗೆ ಬೈಟ್, ಅಕ್ಷರ ಎರಡೂ ಒಂದೇ. ಬೇಕಾಗುವುದು ನಮಗೆ. ಹಾಗಾಗಿ ಡೆವಲಪರ್ ತರುವುದೇ ಇಲ್ಲ. ಹೆಸರಿನ ಫೀಲ್ಡ್‌ಗೆ 20 ಬೈಟ್ ಮಿತಿ ಇಟ್ಟ ಆ್ಯಪ್‌ನಲ್ಲಿ ಆರು ಕೋಡ್ ಪಾಯಿಂಟ್ ದಾಟಿದರೆ ಕನ್ನಡದ ಹೆಸರು ಮಧ್ಯದಲ್ಲೇ ಕತ್ತರಿಸಿ ಹೋಗುತ್ತದೆ. ಚಿಕ್ಕ ಭಾಷೆ ಬಿಟ್ಟಿದ್ದು ಯಾರ ತಲೆ ಮೇಲೆ ಬಂದು ಬೀಳುತ್ತದೆ ಅಂತ ಇದರಲ್ಲಿ ಕಾಣಿಸುತ್ತದೆ.

ಬ್ರಾಕೆಟ್_ಭಟ್ಟ

ಇದು ಈ ಚರ್ಚೆಯ ಅತಿ ಒಳ್ಳೆಯ ಕಾಮೆಂಟ್.

ಸುಮ್ನೆ_ಓದುವವ

ಈಗ ಕೋಡ್ ಬರೆಯುವುದೆಲ್ಲ ಎಐ ಅಲ್ವಾ? ಭಾಷೆ ಉದ್ದುದ್ದ ಬರೆಸಿದರೆ ನಮಗೇನು ನಷ್ಟ? ಫೀಚರ್ ಜಾಸ್ತಿ ಇದ್ದರೂ ಅದು ನೆನಪಿಟ್ಟುಕೊಳ್ಳುತ್ತದೆ.

ಸಿಪ್ಲಸ್_ಅಜ್ಜ

ಬರೆಯುವುದು ಅದು. ರಾತ್ರಿ ಫೋನ್ ಬಂದಾಗ ಓದುವುದು ನಾನು. ಟೀಚರಮ್ಮ ಹೇಳಿದ್ದು ಈಗ ಮೊದಲಿಗಿಂತ ಜಾಸ್ತಿ ನಿಜ. ಅದೂ ಅಲ್ಲದೆ ಅದು ಒಂದೇ ಫೈಲಿನಲ್ಲಿ 98ರ ಸಿ++ ಮತ್ತು 20ರ ಸಿ++ ಬೆರೆಸಿ ಕೊಡುತ್ತದೆ, ಯಾಕೆಂದರೆ ಎರಡನ್ನೂ ಓದಿಕೊಂಡಿದೆ.

ರಸ್ಟ್_ರಂಗ

ಎಐ ಬರೆದದ್ದನ್ನು ಕಣ್ಣಿನಿಂದ ಹಿಡಿಯುವ ಬದಲು ಕಂಪೈಲರ್ ಹಿಡಿಯಲಿ ಅನ್ನುವುದು ನನ್ನ ವಾದ. ಅಂದರೆ ಟೈಪ್ ಸಿಸ್ಟಂ ಗಟ್ಟಿಯಾಗಿರಬೇಕು. ಗೋಫರ್, ಆ ಪುಲ್ ರಿಕ್ವೆಸ್ಟ್ ಏನಾಯಿತು?

ಬಿಟಿಎಂ_ಗೋಫರ್

ಇವತ್ತು ಕೂತು ಮಾತಾಡಿದೆವು. ರಿಸಲ್ಟ್ ಟೈಪ್ ಬೇಡ ಅಂತ ಆಯಿತು. ಸ್ಟ್ಯಾಂಡರ್ಡ್ ಲೈಬ್ರರಿ ಪೂರ್ತಿ ಬೆಲೆ ಮತ್ತು ಎರರ್ ಅಂತ ಎರಡು ವಾಪಸ್ ಕೊಡುವಾಗ, ನಾವು ಒಬ್ಬರೇ ಬೇರೆ ಥರ ಬರೆದರೆ ಗಡಿ ಗಡಿಯಲ್ಲೂ ಬದಲಾಯಿಸಿಕೊಂಡು ಕೂರಬೇಕು. ಅದನ್ನು ಹುಡುಗನೇ ಒಪ್ಪಿದ.

ಮ್ಯಾಪ್, ಫಿಲ್ಟರ್ ವಿಷಯದಲ್ಲಿ ಅವನು ಒಂದು ಸರಿಯಾದ ಮಾತು ಹೇಳಿದ. 1.18ರಲ್ಲಿ ಜೆನೆರಿಕ್ಸ್ ತಂದಾಗ ಮೆಥಡ್‌ಗೆ ಅದರದ್ದೇ ಟೈಪ್ ಪ್ಯಾರಾಮೀಟರ್ ಕೊಡಲಿಲ್ಲ. ಹಾಗಾಗಿ ಸ್ಕಾಲಾ ಥರ ಚುಕ್ಕಿ ಹಾಕಿ ಸಾಲಾಗಿ ಜೋಡಿಸಲು ಆಗುವುದಿಲ್ಲ, ಫಂಕ್ಷನ್ ಒಳಗೆ ಫಂಕ್ಷನ್ ಇಟ್ಟು ಒಳಗಿನಿಂದ ಹೊರಗೆ ಓದಬೇಕು. "ಅರ್ಧ ಕೊಟ್ಟಿದ್ದಾರೆ, ಅದಕ್ಕೇ ವಿಚಿತ್ರವಾಗಿ ಕಾಣುತ್ತೆ" ಅಂದ. ನನಗೂ ಹಾಗೇ ಅನ್ನಿಸಿತು. ಸದ್ಯಕ್ಕೆ ಗೋದ ಸ್ಲೈಸಸ್ (ಪಟ್ಟಿಗಳ) ಪ್ಯಾಕೇಜಿನಲ್ಲಿ ಏನಿದೆಯೋ ಅಷ್ಟೇ ಬಳಸುವುದು, ನಮ್ಮದು ಬೇಡ ಅಂತ ತೀರ್ಮಾನ.

ಹುಬ್ಬಳ್ಳಿ_ಹ್ಯಾಶ್‌ಮ್ಯಾಪ್

ಸ್ಲೈಸಸ್‌ನಲ್ಲಿ ಮ್ಯಾಪೂ ಇಲ್ಲ, ಫಿಲ್ಟರೂ ಇಲ್ಲ. ಷರತ್ತಿಗೆ ಹೊಂದಿದ್ದನ್ನು ಅಳಿಸುವ ಡಿಲೀಟ್‌ಫಂಕ್ ಇದೆ, ಅದನ್ನು ತಿರುಗಿಸಿ ಫಿಲ್ಟರ್ ಥರ ಬಳಸುವವರಿದ್ದಾರೆ. ಹುಷಾರು, ಅದು ಮೂಲ ಸ್ಲೈಸನ್ನೇ ಬದಲಿಸುತ್ತದೆ. 1.22ರಿಂದ ಕೊನೆಯಲ್ಲಿ ಉಳಿದ ಜಾಗಕ್ಕೆ ಸೊನ್ನೆ ಬೆಲೆಯನ್ನೂ ತುಂಬುತ್ತದೆ. ಆ ಸ್ಲೈಸನ್ನು ಬೇರೆ ಯಾರಾದರೂ ಹಿಡಿದುಕೊಂಡಿದ್ದರೆ ಕಥೆ ಮುಗಿಯಿತು.

ನಲ್_ಪಾಯಿಂಟರ್

ಅಂದರೆ ಮೂರು ಸಾಲಿನ ಫಾರ್ ಲೂಪೇ ವಾಸಿ ಅಂತ ಆಯಿತಲ್ಲ?

ಹುಬ್ಬಳ್ಳಿ_ಹ್ಯಾಶ್‌ಮ್ಯಾಪ್

ನಾನು ಹಾಗೆ ಹೇಳಲಿಲ್ಲ. ಮೊದಲು ಸ್ಲೈಸಸ್ ಕ್ಲೋನ್ ಮಾಡಿ, ಆಮೇಲೆ ಡಿಲೀಟ್‌ಫಂಕ್ ಹಾಕಿ.

ರಸ್ಟ್_ರಂಗ

ಇದನ್ನೇ ನಮ್ಮಲ್ಲಿ ಬಾರೋ ಚೆಕರ್ (ಒಂದೇ ಡೇಟಾವನ್ನು ಯಾರ್‍ಯಾರು ಹಿಡಿದಿದ್ದಾರೆ ಅಂತ ನೋಡುವ ಕಂಪೈಲರ್ ಭಾಗ) ಮೊದಲೇ ಹೇಳಿರುತ್ತಿತ್ತು.

ಬಿಟಿಎಂ_ಗೋಫರ್

ಗೊತ್ತು ರಂಗ. ಮಧ್ಯಾಹ್ನ ಹೇಳಲು ಶುರು ಮಾಡಿದ್ದರೆ ಸಂಜೆಯವರೆಗೂ ಹೇಳುತ್ತಲೇ ಇರುತ್ತಿತ್ತು.